ಐದನೇ ಕುರ್ಚಿ

ಸ್ಟ್ರಿಂಗ್ ಕ್ವಾರ್ಟೆಟ್ ಎಂದರೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲೊ. ಅಷ್ಟೇ. ಮುಂದೆ ನಿಂತು ಕೈಯಾಡಿಸುವ ಕಂಡಕ್ಟರ್ ಇಲ್ಲ, ಹಿಂದೆ ತಂಬೂರಿ ಇಲ್ಲ, ಪಕ್ಕದಲ್ಲಿ ಮೃದಂಗ ಇಲ್ಲ. ಮುಖ್ಯ ಕಲಾವಿದರು ಯಾರು, ಪಕ್ಕವಾದ್ಯದವರು ಯಾರು ಎಂಬ ಮಾತೂ ಇಲ್ಲ. ಕಾಗದದ ಮೇಲಂತೂ ನಾಲ್ವರೂ ಸಮಾನರು. 18ನೇ ಶತಮಾನದ ಉತ್ತರಾರ್ಧದಲ್ಲಿ ಹೈಡನ್ ಈ ಜೋಡಣೆಗೆ ಗಟ್ಟಿ ರೂಪ ಕೊಟ್ಟ. ಅಂದಿನಿಂದ ಸಂಗೀತ ಎಷ್ಟೋ ಬದಲಾಯಿತು, ಈ ನಾಲ್ಕು ವಾದ್ಯಗಳು ಮಾತ್ರ ಬದಲಾಗಲಿಲ್ಲ.

ಇಂಥ ತಂಡವೊಂದು 25, 40 ಅಥವಾ 50 ವರ್ಷ ಮುಟ್ಟಿದಾಗ ಒಂದು ಇಡೀ ಸೀಸನ್ ಅದರ ಹೆಸರಿನಲ್ಲಿ ನಡೆಯುತ್ತದೆ. ಅಮೆರಿಕ ಮತ್ತು ಯುರೋಪಿನ ಸಭಾಂಗಣಗಳಲ್ಲಿ ಸೀಸನ್ ಎಂದರೆ ಹೆಚ್ಚುಕಡಿಮೆ ಸೆಪ್ಟೆಂಬರಿನಿಂದ ಮುಂದಿನ ಮೇ, ಜೂನ್‌ವರೆಗೆ. ಅದಕ್ಕೇ 2023–24 ಎಂದು ಜೋಡಿ ವರ್ಷದಲ್ಲಿ ಬರೆಯುತ್ತಾರೆ. ಪೋಸ್ಟರಿನಲ್ಲಿ ತಂಡದ ಹೆಸರು, ದಪ್ಪಕ್ಷರದಲ್ಲಿ 50, ಅದರ ಕೆಳಗೆ ಅತಿಥಿ ಕಲಾವಿದರ ಪಟ್ಟಿ. ಆ ಪಟ್ಟಿ ಕಂಡವರು, ಇವರೆಲ್ಲ ಸಮಾರಂಭಕ್ಕೆ ಕಳೆ ಕಟ್ಟಲು ಬಂದವರು ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಐದನೇ ಕುರ್ಚಿ ವೇದಿಕೆಗೆ ಬಂತೆಂದರೆ ಯಾವ ಕೃತಿ ನುಡಿಸಬೇಕು, ಯಾರು ಎಲ್ಲಿ ಕೂರಬೇಕು, ಯಾರ ಶ್ರುತಿಗೆ ಯಾರು ಹೊಂದಿಕೊಳ್ಳಬೇಕು, ದುಡ್ಡು ಹೇಗೆ ಹಂಚಬೇಕು ಎಂಬ ಎಲ್ಲ ಲೆಕ್ಕವೂ ಮೊದಲಿನಿಂದ ಹಾಕಬೇಕಾಗುತ್ತದೆ. ವಾರ್ಷಿಕೋತ್ಸವದ ಸೀಸನ್ ಹೇಗೆ ರೂಪುಗೊಳ್ಳುತ್ತದೆ ಎಂದು ತಿಳಿಯಬೇಕಾದರೆ ಅತಿಥಿಗಳಿಂದಲೇ ಶುರುಮಾಡುವುದು ಒಳ್ಳೆಯದು.

ಅತಿಥಿಗಳಿಲ್ಲದೆಯೂ ಸಂಭ್ರಮ ಮಾಡಬಹುದು. ಬೀಥೋವನ್‌ನ 16 ಕ್ವಾರ್ಟೆಟ್‌ಗಳನ್ನು ಸಾಮಾನ್ಯವಾಗಿ ಆರು ಸಂಜೆಗಳಲ್ಲಿ ಪೂರ್ತಿ ನುಡಿಸುವುದು, ಬಾರ್ಟೋಕ್‌ನ ಆರನ್ನು ಎರಡು ಸಂಜೆಗಳಲ್ಲಿ ಮುಗಿಸುವುದು, ಶೋಸ್ತಕೋವಿಚ್‌ನ 15ನ್ನು ಕೈಗೆತ್ತಿಕೊಳ್ಳುವುದು ಇವೆಲ್ಲ ಗೌರವದ ದಾರಿಗಳೇ. ಆದರೆ ಆ ಸಾಹಸವನ್ನು ಒಳ್ಳೆಯ ತಂಡಗಳು ಹಬ್ಬವಿಲ್ಲದ ವರ್ಷದಲ್ಲೂ ಮಾಡುತ್ತವೆ. ಅದೂ ಅಲ್ಲದೆ ಪಾಶ್ಚಾತ್ಯ ಸಂಗೀತದ ಅತ್ಯುತ್ತಮ ಕೃತಿಗಳಲ್ಲಿ ಒಂದು ದೊಡ್ಡ ಪಾಲು ನಾಲ್ವರಿಗೆ ಎಟುಕುವುದೇ ಇಲ್ಲ. ಐದನೆಯವರು ಬರಲೇಬೇಕು.

ಯಾರನ್ನು ಕರೆದರೆ ಯಾವ ಬಾಗಿಲು ತೆರೆಯುತ್ತದೆ

ಇನ್ನೊಬ್ಬ ವಿಯೋಲಾ ವಾದಕರನ್ನು ಕರೆದರೆ ಮೊಜಾರ್ಟ್‌ನ ಆರು ಕ್ವಿಂಟೆಟ್‌ಗಳು, ಅಂದರೆ ಐವರ ಕೃತಿಗಳು, ಕೈಗೆ ಬರುತ್ತವೆ. ಅವುಗಳಲ್ಲಿ 1787ರ ಎರಡು, ಅಂದರೆ ಸಿ ಮೇಜರ್ ಮತ್ತು ಜಿ ಮೈನರ್, ಅವನು ಬರೆದ ಎಲ್ಲ ಕ್ವಾರ್ಟೆಟ್‌ಗಳಿಗಿಂತ ಒಂದು ಕೈ ಮೇಲು ಎನ್ನುವವರಿದ್ದಾರೆ. ನಾನೂ ಆ ಗುಂಪಿಗೆ ಸೇರಿದವನು. ಮಧ್ಯದ ದನಿ ಒಂದರ ಬದಲು ಎರಡಾದಾಗ ಮೇಲಿನ ಪಿಟೀಲಿಗೂ ಕೆಳಗಿನ ಚೆಲೊಗೂ ನಡುವೆ ತುಂಬಿದ ಸಂಸಾರವೇ ಹುಟ್ಟಿಕೊಳ್ಳುತ್ತದೆ. ಕ್ಲಾರಿನೆಟ್ ವಾದಕರು ಬಂದರೆ ಮೊಜಾರ್ಟ್ 1789ರಲ್ಲಿ ಆಂಟನ್ ಸ್ಟಾಡ್ಲರ್‌ಗಾಗಿ ಬರೆದದ್ದು, ಬ್ರಾಮ್ಸ್ 1891ರಲ್ಲಿ ರಿಚರ್ಡ್ ಮ್ಯೂಲ್‌ಫೆಲ್ಡ್‌ಗಾಗಿ ಬರೆದದ್ದು, ಎರಡೂ ಸಿಗುತ್ತವೆ. ಗಾಯಕಿ ಬಂದರೆ ಶೋನ್‌ಬರ್ಗ್‌ನ 1908ರ ಎರಡನೇ ಕ್ವಾರ್ಟೆಟ್: ಮೊದಲೆರಡು ಭಾಗ ನಾಲ್ವರೇ ನುಡಿಸಿ, ಕೊನೆಯ ಎರಡು ಭಾಗಗಳಲ್ಲಿ ಸೊಪ್ರಾನೊ ಸ್ಟೆಫಾನ್ ಗೆಯೋರ್ಗೆಯ ಕವಿತೆಗಳನ್ನು ಹಾಡುತ್ತಾರೆ. ಅರ್ಧ ಕೃತಿ ಮುಗಿಯುವವರೆಗೆ ಆಕೆ ವೇದಿಕೆಯ ಮೇಲೆ ಸುಮ್ಮನೆ ಕೂರಬೇಕೇ, ನಡುವೆ ಬರಬೇಕೇ ಎಂಬುದು ಪ್ರತಿ ಸಲವೂ ಚರ್ಚೆಗೆ ಬರುವ ವಿಷಯ.

ಇನ್ನೊಬ್ಬ ಚೆಲೊ ವಾದಕರನ್ನು ಕರೆಯುವುದು ಹೆಚ್ಚಾಗಿ ಒಂದೇ ಒಂದು ಕೃತಿಗಾಗಿ: ಶೂಬರ್ಟ್‌ನ ಸಿ ಮೇಜರ್ ಕ್ವಿಂಟೆಟ್. 1828ರಲ್ಲಿ, ಸಾಯುವುದಕ್ಕೆ ಸುಮಾರು ಎರಡು ತಿಂಗಳ ಮೊದಲು ಬರೆದದ್ದು. ಅವನು ಹೋದ ಮೇಲೆ ಹಸ್ತಪ್ರತಿ ಎರಡು ದಶಕಕ್ಕೂ ಮೀರಿ ಸುಮ್ಮನೆ ಬಿದ್ದಿತ್ತು. ಜನರ ಮುಂದೆ ಮೊದಲು ನುಡಿಸಿದ್ದು 1850ರಲ್ಲಿ, ಅಚ್ಚಾದದ್ದು 1853ರಲ್ಲಿ. ಇದರ ಎರಡನೇ ಭಾಗದಲ್ಲಿ ಕೆಲಸ ಹಂಚಿರುವ ರೀತಿ ಗಮನಿಸಬೇಕು. ಎರಡನೇ ಪಿಟೀಲು, ವಿಯೋಲಾ, ಮೊದಲ ಚೆಲೊ ಈ ಮೂರೂ ಸೇರಿ ಬಹಳ ನಿಧಾನವಾದ ಒಂದು ರಾಗವನ್ನು ಎಳೆಯುತ್ತಿರುತ್ತವೆ. ಹೊರಗಿನಿಂದ ಬಂದ ಎರಡನೇ ಚೆಲೊ ಕೆಳಗೆ ತಂತಿಯನ್ನು ಬೆರಳಿನಿಂದ ಮೀಟುತ್ತದೆ; ಮೇಲಿನಿಂದ ಮೊದಲ ಪಿಟೀಲು ಆಗಾಗ ಎರಡು ಮಾತು ಆಡುತ್ತದೆ. ನಡೆ ಹಿಡಿದಿರುವುದು ಆ ಮೀಟುವ ಬೆರಳು. ಒಂದು ಕೂದಲಷ್ಟು ಅವಸರವಾದರೂ ಮೂವರ ಉಸಿರು ಕೆಡುತ್ತದೆ. ದಶಕಗಳಿಂದ ಜೊತೆಗಿರುವ ನಾಲ್ವರು ತಮ್ಮ ಲಯದ ಕೀಲಿಯನ್ನು ಮೊನ್ನೆ ಬಂದವರ ಕೈಗೆ ಕೊಡಬೇಕು. ಅದಕ್ಕೇ ಈ ಕೃತಿಗೆ ಯಾರನ್ನು ಕರೆಯುವುದೆಂದು ತಂಡಗಳು ಬಹಳ ಯೋಚಿಸುತ್ತವೆ.

ಅಮಾಡೆಯಸ್ ಕ್ವಾರ್ಟೆಟ್ ಈ ಪ್ರಶ್ನೆಯನ್ನು ಸರಳವಾಗಿ ಬಗೆಹರಿಸಿಕೊಂಡಿತ್ತು. 1947ರಿಂದ 1987ರವರೆಗೆ ನಾಲ್ಕೂ ಜನ ಬದಲಾಗದೆ ನಡೆದ ತಂಡ ಅದು. ಮೊಜಾರ್ಟ್ ಕ್ವಿಂಟೆಟ್ ಎಂದರೆ ಸೆಸಿಲ್ ಆರೊನೊವಿಟ್ಸ್, ಶೂಬರ್ಟ್ ಎಂದರೆ ವಿಲಿಯಂ ಪ್ಲೀತ್ ಎಂಬಂತೆ ಕರೆಯುತ್ತಿದ್ದದ್ದು ಹೆಚ್ಚಾಗಿ ಅವರನ್ನೇ; ಅತಿಥಿಗಳೂ ಮನೆಯವರಂತಾಗಿದ್ದರು. ವಿಯೋಲಾ ವಾದಕ ಪೀಟರ್ ಶಿಡ್ಲೋಫ್ 1987ರಲ್ಲಿ ತೀರಿಕೊಂಡಾಗ ಉಳಿದ ಮೂವರು ಬೇರೊಬ್ಬರನ್ನು ಹುಡುಕಲಿಲ್ಲ, ತಂಡವನ್ನೇ ಮುಚ್ಚಿದರು. ಎಮರ್ಸನ್ ಕ್ವಾರ್ಟೆಟ್‌ನದು ಇನ್ನೊಂದು ಬಗೆ. 1976ರಲ್ಲಿ ಹುಟ್ಟಿದ ಆ ತಂಡದ ಚೆಲೊ ವಾದಕ ಡೇವಿಡ್ ಫಿಂಕೆಲ್ 2013ರಲ್ಲಿ ಹೊರನಡೆದು, ಪಾಲ್ ವಾಟ್ಕಿನ್ಸ್ ಬಂದರು. ಹತ್ತು ವರ್ಷದ ಮೇಲೆ, 2023ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಲ್ಲಿ ತಂಡದ ಕೊನೆಯ ಕಛೇರಿ. ಆ ಸಂಜೆ ಶೂಬರ್ಟ್ ಕ್ವಿಂಟೆಟ್‌ಗೆ ಬಂದ ಅತಿಥಿ ಫಿಂಕೆಲ್ಲೇ. ಹಳಬರು ಮತ್ತು ಹೊಸಬರು ಒಂದೇ ವೇದಿಕೆಯಲ್ಲಿ ಕೂರಲು ಎರಡು ಚೆಲೊ ಬೇಡುವ ಕೃತಿಗಿಂತ ಒಳ್ಳೆಯ ನೆಪ ಸಿಗಲಾರದು.

ಎರಡು ತಂಡಗಳೇ ಒಂದಾದರೆ ಮೆಂಡೆಲ್ಸನ್‌ನ ಆಕ್ಟೆಟ್. 1825ರಲ್ಲಿ, 16ನೇ ವಯಸ್ಸಿನಲ್ಲಿ ಬರೆದದ್ದು. ಇದನ್ನು ಆರ್ಕೆಸ್ಟ್ರಾದಂತೆ ನುಡಿಸಬೇಕೆಂದು ಅವನೇ ಸೂಚನೆ ಕೊಟ್ಟಿದ್ದಾನೆ. ಹಿರಿಯ ತಂಡವೊಂದು ತಾನು ಕಲಿಸಿದ ಎಳೆಯ ತಂಡದ ಜೊತೆ ಇದನ್ನು ನುಡಿಸುವುದು ವಾರ್ಷಿಕೋತ್ಸವಗಳಲ್ಲಿ ಬಹುತೇಕ ಸಂಪ್ರದಾಯವೇ ಆಗಿದೆ. ಮೊದಲ ಪಿಟೀಲಿನ ಪಾತ್ರ ಕಾನ್‌ಚರ್ಟೊದಷ್ಟೇ ಕಷ್ಟ; ಅದನ್ನು ಯಾರು ನುಡಿಸುತ್ತಾರೆ ಎಂಬುದರಲ್ಲೇ ಹಿರಿಯರ ಔದಾರ್ಯ ತಿಳಿಯುತ್ತದೆ.

ಇನ್ನು ಪಿಯಾನೊ. ಅತಿಥಿಗಳಲ್ಲಿ ಅತಿ ಹೆಚ್ಚು ಬರುವವರು ಪಿಯಾನೊ ವಾದಕರೇ. ಶೂಮನ್ 1842ರಲ್ಲಿ, ಡ್ವೊರಾಕ್ 1887ರಲ್ಲಿ ಬರೆದ ಕ್ವಿಂಟೆಟ್‌ಗಳು ಟಿಕೆಟ್ ಮಾರಿಕೊಡುವ ಕೃತಿಗಳು. ಬ್ರಾಮ್ಸ್‌ನದು ಮೊದಲು ಎರಡು ಚೆಲೊ ಇರುವ ತಂತಿವಾದ್ಯದ ಕ್ವಿಂಟೆಟ್ ಆಗಿತ್ತು, ಆಮೇಲೆ ಎರಡು ಪಿಯಾನೊಗಳ ಸೊನಾಟಾ ಆಯಿತು, ಕೊನೆಗೆ 1864ರಲ್ಲಿ ಈಗಿನ ರೂಪಕ್ಕೆ ಬಂತು. ಶೋಸ್ತಕೋವಿಚ್ 1940ರಲ್ಲಿ ಮಾಸ್ಕೋದ ಬೀಥೋವನ್ ಕ್ವಾರ್ಟೆಟ್ ಜೊತೆ ತಾನೇ ಪಿಯಾನೊಗೆ ಕೂತು ತನ್ನ ಕ್ವಿಂಟೆಟ್ ನುಡಿಸಿದ; ಅದಕ್ಕೆ 1941ರಲ್ಲಿ ಸ್ಟಾಲಿನ್ ಪ್ರಶಸ್ತಿ ಸಿಕ್ಕಿತು. ಈ ಪಟ್ಟಿಯಲ್ಲಿ ಮೈಸೂರಿನ ನೆನಪು ತರುವ ಒಂದು ಹೆಸರೂ ಇದೆ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಯುವಕನಾಗಿದ್ದಾಗ ಹಿಡಿದ ಪಿಯಾನೊ ಕ್ವಿಂಟೆಟ್ಟನ್ನು ಮುಗಿಸಿದ್ದು ಬದುಕಿನ ಕೊನೆಯ ವರ್ಷಗಳಲ್ಲಿ. ಅದೇ ಕಾಲಕ್ಕೆ ಅವನ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟು ಮೆಟ್ನರ್ ಸೊಸೈಟಿಯನ್ನು ನಿಲ್ಲಿಸಿದವರು ಜಯಚಾಮರಾಜ ಒಡೆಯರ್. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್‌ಚರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ. ಕ್ವಿಂಟೆಟ್ ಅಪರೂಪಕ್ಕೆ ಕೇಳಸಿಗುತ್ತದೆ. ಯಾವುದಾದರೂ ತಂಡ ಅದನ್ನು ಹಾಕಿಕೊಂಡಿದ್ದು ಕಂಡರೆ ಬಿಡಬೇಡಿ.

ಶ್ರುತಿಯ ಜಗಳ

ಕರ್ನಾಟಕ ಸಂಗೀತದ ಪಿಟೀಲಿನಲ್ಲಿ ನಾಲ್ಕು ತಂತಿಗಳನ್ನು ಸ-ಪ-ಸ-ಪ ಎಂದು ಕೂಡಿಸುತ್ತಾರೆ, ಗಾಯಕರ ಷಡ್ಜಕ್ಕೆ ತಕ್ಕಂತೆ. ಕ್ವಾರ್ಟೆಟ್ಟಿನ ಪಿಟೀಲು ಯಾರಿಗಾಗಿಯೂ ಷಡ್ಜ ಬದಲಿಸುವುದಿಲ್ಲ: ಜಿ, ಡಿ, ಎ, ಇ. ವಿಯೋಲಾ ಮತ್ತು ಚೆಲೊ ಸಿ, ಜಿ, ಡಿ, ಎ. ಪಕ್ಕಪಕ್ಕದ ಯಾವ ಎರಡು ತಂತಿ ತೆಗೆದುಕೊಂಡರೂ ಅವುಗಳ ನಡುವೆ ಸ-ಪ ಅಂತರವೇ. ಎಲ್ಲವನ್ನೂ ಶುದ್ಧವಾಗಿ ಕೂಡಿಸಿದರೆ ಮುಗಿಯಿತಲ್ಲ ಎನಿಸುತ್ತದೆ. ತೊಡಕು ಇರುವುದು ಅಲ್ಲೇ.

ಚೆಲೊದ ಸಿ ತಂತಿಯನ್ನು ಷಡ್ಜ ಎಂದುಕೊಂಡು ಮೇಲೆ ಹೋಗಿ. ಸಿಯಿಂದ ಜಿ, ಜಿಯಿಂದ ಡಿ, ಡಿಯಿಂದ ಎ, ಎಯಿಂದ ಪಿಟೀಲಿನ ಇ: ನಾಲ್ಕು ಸಲ ಸ-ಪ ಹಾರಿದಂತಾಯಿತು. ಆ ಇ ಸ್ವರ ಸಿಗೆ ಅಂತರ ಗಾಂಧಾರ. ಒಂದೊಂದು ಹಾರಿಕೆಯೂ ಶುದ್ಧವಾಗಿ 3:2 ಅನುಪಾತದಲ್ಲಿದ್ದರೆ, ಮೇಲಿನ ಸ್ಥಾಯಿಗಳನ್ನು ಕಳೆದು ನೋಡಿದಾಗ ಸಿಗುವುದು 81:64. ಆದರೆ ಕಿವಿಗೆ ಇಂಪಾಗಿ ಕೂರುವ ಗಾಂಧಾರ 5:4, ಅಂದರೆ 80:64. 81ಕ್ಕೂ 80ಕ್ಕೂ ಇರುವ ಈ ಅಂತರವೇ ನಮ್ಮ ಶಾಸ್ತ್ರಜ್ಞರು ಹೇಳುವ ಪ್ರಮಾಣಶ್ರುತಿ. ಅರ್ಧಸ್ವರದ ಸುಮಾರು ಐದನೇ ಒಂದು ಪಾಲು. ನಾಲ್ವರೂ ತಮ್ಮ ತಂತಿಗಳನ್ನು ಶುದ್ಧವಾಗಿ ಕೂಡಿಸಿಕೊಂಡು ಬಂದು ಸಿ ಮೇಜರ್ ಸ್ವರಗುಚ್ಛ ನುಡಿಸಿದರೆ, ಪಿಟೀಲಿನ ಖಾಲಿ ಇ ತಂತಿ ಚೆಲೊದ ಖಾಲಿ ಸಿ ತಂತಿಯ ಮೇಲೆ ಚುಚ್ಚುತ್ತದೆ. ಅದಕ್ಕಾಗಿ ಅನುಭವಿ ತಂಡಗಳು ಪಂಚಮಗಳನ್ನೇ ಒಂದು ಎಳೆಯಷ್ಟು ಕಿರಿದು ಮಾಡಿಕೊಳ್ಳುತ್ತವೆ, ಉಳಿದದ್ದನ್ನು ಬೆರಳಿನಲ್ಲಿ ಸರಿಪಡಿಸುತ್ತವೆ. ಒಂದೇ ಸ್ವರವನ್ನು ಸ್ವರಗುಚ್ಛದಲ್ಲಿ ಒಂದು ಥರ, ರಾಗದ ಎಳೆಯಲ್ಲಿ ಇನ್ನೊಂದು ಥರ ಹಿಡಿಯುವುದನ್ನು ವರ್ಷಗಟ್ಟಲೆ ಕೂತು ಗೊತ್ತು ಮಾಡಿಕೊಂಡಿರುತ್ತಾರೆ.

ಈಗ ಪಿಯಾನೊ ಬಂತು. ಅದರ ಶ್ರುತಿ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದದ್ದು, ಕಛೇರಿಯ ನಡುವೆ ಬಗ್ಗುವುದಿಲ್ಲ. ಸಮವಾಗಿ ಹಂಚಿದ ಹನ್ನೆರಡು ಸ್ವರಗಳಲ್ಲಿ ಪಂಚಮ ಶುದ್ಧಕ್ಕಿಂತ ಕೂದಲೆಳೆಯಷ್ಟು ಕಿರಿದು, ಗಾಂಧಾರ ಸಾಕಷ್ಟು ಮೇಲು: ಅರ್ಧಸ್ವರವನ್ನು 100 ಭಾಗ ಮಾಡಿದರೆ ಸುಮಾರು 14 ಭಾಗ. ಕ್ವಾರ್ಟೆಟ್ ಇಷ್ಟು ವರ್ಷ ಸಾಧಿಸಿದ ಇಂಪಾದ ಗಾಂಧಾರ ಪಿಯಾನೊದ ಪಕ್ಕ ತಗ್ಗಿದಂತೆ ಕೇಳಿಸುತ್ತದೆ. ಸೋಲಬೇಕಾದವರು ತಂತಿಯವರೇ. ಪಿಯಾನೊ ಜೊತೆಗೆ ಉದ್ದಕ್ಕೆ ಎಳೆಯುವ ಕಡೆ ಅದರ ಸ್ವರಕ್ಕೆ ಒಪ್ಪಿಕೊಳ್ಳುತ್ತಾರೆ, ಅದು ಸುಮ್ಮನಾದ ಕಡೆ ತಮ್ಮ ಹಳೆಯ ಶ್ರುತಿಗೆ ಮರಳುತ್ತಾರೆ. ಅದಕ್ಕೂ ಮೊದಲು ಎ ಸ್ವರ ಎಷ್ಟಿರಬೇಕೆಂದು ಸಭಾಂಗಣಕ್ಕೆ ಬರೆದು ಕೇಳಿರಬೇಕು. ಅಂತರರಾಷ್ಟ್ರೀಯ ಮಾನಕ 440 ಹರ್ಟ್ಸ್. ಆದರೆ ಯುರೋಪಿನ ಎಷ್ಟೋ ಕಡೆ ಪಿಯಾನೊವನ್ನು 442ಕ್ಕೆ ಕೂಡಿಸಿರುತ್ತಾರೆ. ಕ್ಲಾರಿನೆಟ್‌ನವರ ಕಷ್ಟ ಬೇರೆ: ಊದುತ್ತಾ ಕೊಳವೆ ಬೆಚ್ಚಗಾದಂತೆ ಶ್ರುತಿ ಏರುತ್ತದೆ. ಹಾಗಾಗಿ ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಎಲ್ಲರೂ ಶ್ರುತಿ ನೋಡಿಕೊಳ್ಳುವುದು ಶಿಷ್ಟಾಚಾರವಲ್ಲ, ಅಗತ್ಯ.

ಕುರ್ಚಿ, ಕೆಲಸ, ಕಾಗದ

ಕೈಯಿಲ್ಲದ ಕುರ್ಚಿಗಳು ಬೇಕು ಎಂಬುದು ಸಭಾಂಗಣಕ್ಕೆ ಕಳಿಸುವ ಪತ್ರದ ಮೊದಲ ಸಾಲುಗಳಲ್ಲೇ ಇರುತ್ತದೆ, ಏಕೆಂದರೆ ಕೈಯಿರುವ ಕುರ್ಚಿಯಲ್ಲಿ ಕಮಾನು ಓಡುವುದಿಲ್ಲ. ಪ್ರೇಕ್ಷಕರ ಎಡದಿಂದ ಮೊದಲ ಪಿಟೀಲು, ಎರಡನೇ ಪಿಟೀಲು, ವಿಯೋಲಾ, ಚೆಲೊ ಎಂದು ಕೂರುವುದು ಸಾಮಾನ್ಯ. ಕೆಲವರು ಕೊನೆಯ ಇಬ್ಬರನ್ನು ಅದಲುಬದಲು ಮಾಡುತ್ತಾರೆ. ಎಮರ್ಸನ್‌ನವರು 2002ರಿಂದ ಚೆಲೊ ಒಂದನ್ನು ಬಿಟ್ಟು ಉಳಿದವರು ನಿಂತೇ ನುಡಿಸುತ್ತಿದ್ದರು. ಪಿಯಾನೊ ಬಂದರೆ ಅದು ಹಿಂದೆ, ಅದರ ಮುಂದೆ ಅರ್ಧಚಂದ್ರಾಕಾರದಲ್ಲಿ ನಾಲ್ವರು. ಪಿಯಾನೊ ವಾದಕರಿಗೆ ಉಳಿದವರ ಬೆನ್ನು ಕಾಣುತ್ತದೆ, ಅವರಿಗೆ ಇವರು ಕಾಣುವುದೇ ಇಲ್ಲ. ಆದರೆ ಪಿಯಾನೊ ವಾದಕರ ಮುಂದೆ ಐವರ ಸ್ವರವೂ ಅಚ್ಚಾದ ಪೂರ್ತಿ ಪ್ರತಿ ಇರುತ್ತದೆ, ತಂತಿಯವರ ಮುಂದೆ ಅವರವರ ಸಾಲು ಮಾತ್ರ. ಎಲ್ಲವನ್ನೂ ಓದುತ್ತಿರುವುದು ಹೊರಗಿನಿಂದ ಬಂದವರು. ಶುರುಮಾಡುವ ಸನ್ನೆ ಕೊಡುವುದು ಮಾತ್ರ ಹೆಚ್ಚಾಗಿ ಮೊದಲ ಪಿಟೀಲಿನ ಉಸಿರು.

ಅಭ್ಯಾಸಕ್ಕೆ ಸಿಗುವುದು ಎರಡು ಮೂರು ದಿನ. ಅತಿಥಿ ತಂತಿವಾದ್ಯದವರಾದರೆ, ಎಲ್ಲಿ ಕಮಾನು ಎಳೆಯಬೇಕು, ಎಲ್ಲಿ ತಳ್ಳಬೇಕು ಎಂಬ ತಂಡದ ಗುರುತುಗಳನ್ನೆಲ್ಲ ಮೊದಲೇ ಕಳಿಸಿಕೊಟ್ಟಿರುತ್ತಾರೆ. ನಾಲ್ವರ ತಂಡದಲ್ಲಿ ಅಭಿಪ್ರಾಯ ಎರಡು-ಎರಡಾಗಿ ಒಡೆದು ಯಾವುದೂ ತೀರ್ಮಾನವಾಗದೆ ನಿಲ್ಲುವುದು ಹಳೆಯ ತಲೆನೋವು. ಐದನೆಯವರು ಬಂದಾಗ ಲೆಕ್ಕ ಬೆಸವಾಗುತ್ತದೆ, ನಿಜ. ಜಾಣ ಅತಿಥಿಗಳು ಆ ಮತವನ್ನು ಚಲಾಯಿಸುವುದಿಲ್ಲ.

ಕಾರ್ಯಕ್ರಮದಲ್ಲಿ ಅತಿಥಿಯ ಕೃತಿ ಸಾಮಾನ್ಯವಾಗಿ ವಿರಾಮದ ನಂತರವೇ ಏಕೆ ಬರುತ್ತದೆ? ಒಂದು, ಪಿಯಾನೊ ತಳ್ಳಲು ವಿರಾಮ ಬೇಕು. ಎರಡು, ದೊಡ್ಡ ದನಿಯ ಮೇಲೆ ಚಿಕ್ಕ ದನಿ ನಿಲ್ಲುವುದಿಲ್ಲ. ಐವರನ್ನು ಕೇಳಿದ ಕಿವಿಗೆ ನಾಲ್ವರು ಸೊರಗಿದಂತೆ ಕಾಣುತ್ತಾರೆ. ಚಪ್ಪಾಳೆ ನಿಲ್ಲದಿದ್ದರೆ ಏನು ನುಡಿಸಬೇಕೆಂಬುದೂ ಸಮಸ್ಯೆಯೇ, ಏಕೆಂದರೆ ಐವರಿಗೆಂದು ಬರೆದ ಚಿಕ್ಕ ತುಣುಕುಗಳು ಕಡಿಮೆ. ಹಾಗಾಗಿ ಆಗತಾನೇ ಮುಗಿಸಿದ ಕೃತಿಯ ವೇಗದ ಭಾಗವನ್ನೇ ಮತ್ತೊಮ್ಮೆ ನುಡಿಸುವುದು ರೂಢಿ.

ಕ್ರೋನೋಸ್‌ನ ಐವತ್ತು

ಇದುವರೆಗೆ ಹೇಳಿದ್ದೆಲ್ಲ ಹಳೆಯ ದಾರಿ. ಸ್ಯಾನ್ ಫ್ರಾನ್ಸಿಸ್ಕೊದ ಕ್ರೋನೋಸ್ ಕ್ವಾರ್ಟೆಟ್ 2023–24ರಲ್ಲಿ 'ಫೈವ್ ಡಿಕೇಡ್ಸ್' ಎಂಬ ಹೆಸರಿನಲ್ಲಿ ಐವತ್ತನೇ ಸೀಸನ್ ನಡೆಸಿತು. ಈ ತಂಡ ಶೂಮನ್, ಡ್ವೊರಾಕ್‌ಗಳ ಕಡೆ ತಲೆ ಹಾಕುವುದೇ ಇಲ್ಲ ಎನ್ನಬಹುದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಜಾರ್ಜ್ ಕ್ರಂಬ್ ಬರೆದ 'ಬ್ಲ್ಯಾಕ್ ಏಂಜೆಲ್ಸ್' ಎಂಬ ಕೃತಿಯನ್ನು ರೇಡಿಯೊದಲ್ಲಿ ಕೇಳಿದ ಡೇವಿಡ್ ಹ್ಯಾರಿಂಗ್ಟನ್, ಅದನ್ನು ನುಡಿಸಲೇಬೇಕು ಎಂದು 1973ರಲ್ಲಿ ಸಿಯಾಟಲ್‌ನಲ್ಲಿ ಕಟ್ಟಿದ ತಂಡ ಇದು. ಆ ಕೃತಿಯಲ್ಲಿ ವಾದಕರು ತಂತಿಗಳಿಗೆ ವಿದ್ಯುತ್ ಧ್ವನಿವರ್ಧನೆ ಕೊಟ್ಟು ನುಡಿಸುವುದಲ್ಲದೆ ಗಾಜಿನ ಲೋಟದ ಅಂಚಿನ ಮೇಲೆ ಕಮಾನು ಎಳೆಯಬೇಕು, ಜಾಗಟೆ ಬಾರಿಸಬೇಕು, ಬಾಯಲ್ಲಿ ಅಂಕಿಗಳನ್ನು ಉಚ್ಚರಿಸಬೇಕು. ತಂಡ ಮೊದಲ ಸಲ ಒಬ್ಬ ಸಂಯೋಜಕರಿಂದ ಬರೆಸಿದ ಕೃತಿಗೆ ಕೊಟ್ಟ ಸಂಭಾವನೆ ಒಂದು ಚೀಲ ಡೋನಟ್. ಸಂಯೋಜಕರು ಕೆನ್ ಬೆನ್‌ಶೂಫ್. ಅಲ್ಲಿಂದ ಮುಂದೆ ಸಾವಿರಕ್ಕೂ ಹೆಚ್ಚು ಕೃತಿಗಳು ಈ ತಂಡಕ್ಕಾಗಿ ಬರೆಯಲ್ಪಟ್ಟಿವೆ ಅಥವಾ ಅಳವಡಿಸಲ್ಪಟ್ಟಿವೆ.

ಆದ್ದರಿಂದ ಕ್ರೋನೋಸ್‌ಗೆ ಅತಿಥಿ ಎಂದರೆ ಹಳೆಯ ಕೃತಿಯೊಂದರ ಐದನೇ ಸಾಲನ್ನು ತುಂಬಿಕೊಡುವವರಲ್ಲ. ಅತಿಥಿ ಮೊದಲು ಬರುತ್ತಾರೆ, ಕೃತಿ ಆಮೇಲೆ ಹುಟ್ಟುತ್ತದೆ. ಚೀನಾದ ಪಿಪಾ ವಾದಕಿ ವೂ ಮಾನ್ ಅವರ ಸಹವಾಸದಿಂದ ತಾನ್ ಡುನ್‌ನ 'ಘೋಸ್ಟ್ ಆಪೆರಾ' ಬಂತು, 1994ರಲ್ಲಿ. ಅದರಲ್ಲಿ ಪಿಪಾ ಮತ್ತು ಕ್ವಾರ್ಟೆಟ್ ಜೊತೆಗೆ ನೀರು, ಕಲ್ಲು, ಕಾಗದ, ಲೋಹ ಇವೂ ವಾದ್ಯಗಳೇ. ಸ್ಟೀವ್ ರೈಕ್‌ನ 1988ರ 'ಡಿಫರೆಂಟ್ ಟ್ರೇನ್ಸ್' ಕೃತಿಯಲ್ಲಿ ಅತಿಥಿಗಳು ವೇದಿಕೆಗೇ ಬರುವುದಿಲ್ಲ: ರೈಲಿನ ಹಳೆಯ ನೌಕರನೊಬ್ಬ, ರೈಕ್‌ನನ್ನು ಬಾಲ್ಯದಲ್ಲಿ ನೋಡಿಕೊಂಡಾಕೆ, ನಾಜಿಗಳ ಹತ್ಯಾಕಾಂಡದಿಂದ ಬದುಕುಳಿದವರು, ಇವರ ಧ್ವನಿಮುದ್ರಿತ ಮಾತುಗಳ ಏರಿಳಿತವನ್ನೇ ತಂತಿಗಳು ಹಿಡಿದು ನುಡಿಸುತ್ತವೆ.

ನಮಗೆ ಹತ್ತಿರದ ಉದಾಹರಣೆ 2005ರದು. ಆರ್. ಡಿ. ಬರ್ಮನ್ ಹಾಡುಗಳ ಆಲ್ಬಂಗೆ ಕ್ರೋನೋಸ್ ಕರೆದದ್ದು ಸ್ವತಃ ಆಶಾ ಭೋಸ್ಲೆ ಅವರನ್ನು. ತಬಲಾಕ್ಕೆ ಜಾಕಿರ್ ಹುಸೇನ್, ಜೊತೆಗೆ ವೂ ಮಾನ್. ಬರ್ಮನ್‌ನ ದೊಡ್ಡ ಆರ್ಕೆಸ್ಟ್ರಾ ಮಾಡುತ್ತಿದ್ದ ಕೆಲಸವನ್ನು ನಾಲ್ಕು ತಂತಿವಾದ್ಯಗಳು ಬೇರೆ ಬೇರೆ ಪದರಗಳಾಗಿ ಧ್ವನಿಮುದ್ರಿಸಿ ಕಟ್ಟಿದವು. ಸ್ಟುಡಿಯೊದಲ್ಲಿ ಇದು ಸಾಧ್ಯ. ಅದೇ ಹಾಡನ್ನು ವೇದಿಕೆಗೆ ತರುವಾಗ ಪದರಗಳನ್ನು ಮತ್ತೆ ನಾಲ್ಕಕ್ಕೆ ಇಳಿಸಬೇಕು, ಇಲ್ಲವೇ ಟೇಪಿನ ಜೊತೆ ನುಡಿಸಬೇಕು.

ಅತಿಥಿ ಬೇರೆ ಪರಂಪರೆಯವರಾದಾಗ ನಿಜವಾದ ಕೆಲಸ ಬೀಳುವುದು ಅಳವಡಿಸಿ ಬರೆದುಕೊಡುವವರ ಮೇಲೆ. ನಾಲ್ವರೂ ಕಾಗದ ನೋಡಿ ನುಡಿಸುವವರು, ಬಂದವರು ಕಾಗದವಿಲ್ಲದೆ ಬೆಳೆದವರು. ಸಾರಂಗಿ ವಾದಕ ರಾಮ್ ನಾರಾಯಣ್ ಅವರ ಮಿಶ್ರ ಭೈರವಿ ಆಲಾಪವನ್ನು ಕ್ರೋನೋಸ್ 2009ರ 'ಫ್ಲಡ್‌ಪ್ಲೇನ್' ಆಲ್ಬಂನಲ್ಲಿ ನುಡಿಸಿದೆ. ಸಾರಂಗಿಯ ಒಂದೊಂದು ಜಾರುವಿಕೆಯನ್ನೂ ಬರೆಯಲು ಹೊರಟರೆ ಪುಟವೆಲ್ಲ ಗೆರೆಯಾಗುತ್ತದೆ. ಇಷ್ಟು ಬರೆಯಬೇಕು, ಇಷ್ಟನ್ನು ಕೇಳಿಯೇ ಕಲಿಯಬೇಕು ಎಂಬ ಗಡಿಯನ್ನು ಯಾರಾದರೂ ಹಾಕಲೇಬೇಕು. ವಾದ್ಯ ಹಿಡಿಯುವ ರೀತಿಯೂ ಅಡ್ಡ ಬರುತ್ತದೆ. ನಮ್ಮ ವಿದ್ವಾಂಸರು ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಪಾದದ ಮೇಲೆ ಊರುವುದರಿಂದ ಎಡಗೈಗೆ ವಾದ್ಯ ಹೊರುವ ಕೆಲಸವಿಲ್ಲ, ಗಮಕಕ್ಕೆ ಕೈ ಸಲೀಸಾಗಿ ಜಾರುತ್ತದೆ. ಗದ್ದದಡಿ ಹಿಡಿದು ಕುರ್ಚಿಯಲ್ಲಿ ಕೂರುವವರಿಗೆ ಆ ಸಲೀಸು ಇಲ್ಲ. ಉದ್ದದ ಜಾರು ಬಂದಾಗ ಕೈಯ ಹೊರೆಯನ್ನು ಗದ್ದ, ಭುಜಕ್ಕೆ ವಹಿಸಿ ನುಡಿಸಬೇಕು.

ದನಿಯ ಅಳತೆ ಇನ್ನೊಂದು ತೊಡಕು. ಪಿಪಾದ ಸ್ವರ ಮೀಟಿದ ಕೂಡಲೇ ಆರುತ್ತದೆ, ಪಿಟೀಲಿನದು ಎಳೆದಷ್ಟು ಹೊತ್ತು ನಿಲ್ಲುತ್ತದೆ, ತಬಲಾ ಎರಡನ್ನೂ ಮುಚ್ಚಬಲ್ಲದು. ಕ್ರೋನೋಸ್ ಇದನ್ನು ಮೈಕ್‌ನಿಂದ ಬಗೆಹರಿಸಿಕೊಂಡಿದೆ. ಧ್ವನಿ ಎಂಜಿನಿಯರ್ ಮತ್ತು ಬೆಳಕಿನವರು ತಂಡದ ಭಾಗವಾಗಿಯೇ ಊರೂರಿಗೆ ಬರುತ್ತಾರೆ. ಸಾಂಪ್ರದಾಯಿಕ ಕ್ವಾರ್ಟೆಟ್ ರಸಿಕರಿಗೆ ಮೈಕ್ ಎಂದರೆ ಮುಖ ಸಿಂಡರಿಸುವ ವಿಷಯ. ದನಿ ದೂರ ಹೋಗಲೆಂದು ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ್ದನ್ನು ಬಲ್ಲ ನಮಗೆ ಅದು ಅಷ್ಟು ದೊಡ್ಡ ಅಪಚಾರವಾಗಿ ಕಾಣಬೇಕಿಲ್ಲ.

ಕ್ರೋನೋಸ್ ಮಾಡಿದ ಅತಿ ಉಪಯುಕ್ತ ಕೆಲಸ ಕಛೇರಿಯಲ್ಲ ಎಂದೇ ನನ್ನ ಎಣಿಕೆ. 2015ರಲ್ಲಿ ಶುರುವಾದ '50 ಫಾರ್ ದ ಫ್ಯೂಚರ್' ಯೋಜನೆಯಲ್ಲಿ ತಂಡ 50 ಹೊಸ ಕೃತಿಗಳನ್ನು ಬರೆಸಿತು, ಸಂಯೋಜಕರಲ್ಲಿ ಅರ್ಧ ಮಹಿಳೆಯರು ಇರಬೇಕೆಂಬ ನಿಯಮದೊಂದಿಗೆ. ಫಿಲಿಪ್ ಗ್ಲಾಸ್, ವೂ ಮಾನ್ ಬರೆದುಕೊಟ್ಟರು. ಜಾಕಿರ್ ಹುಸೇನ್ ಬರೆದದ್ದರ ಹೆಸರು 'ಪಲ್ಲವಿ'. ವಿದ್ಯಾರ್ಥಿ ತಂಡಗಳಿಗೂ ಎಟುಕುವಂತೆ ಬರೆದ ಇವುಗಳ ಸ್ವರಪ್ರತಿ, ಬಿಡಿ ಸಾಲುಗಳು, ಧ್ವನಿಮುದ್ರಣ ಎಲ್ಲವೂ ಉಚಿತ. ಬೆಂಗಳೂರಿನಲ್ಲಿ ಪಾಶ್ಚಾತ್ಯ ಪಿಟೀಲು ಕಲಿಯುವ ನಾಲ್ಕು ಮಕ್ಕಳು ಸೇರಿದರೆ ಇವತ್ತೇ ಇಳಿಸಿಕೊಂಡು ಶುರುಮಾಡಬಹುದು, ಮಧ್ಯದ ದನಿಗೆ ಒಂದು ವಿಯೋಲಾ, ಕೆಳಗೆ ಒಂದು ಚೆಲೊ ಹೊಂದಿಸಿಕೊಂಡರೆ.

ದುಡ್ಡು

ಕ್ವಾರ್ಟೆಟ್‌ಗೆ ಹೊಂದುವ ಸಭಾಂಗಣ ಚಿಕ್ಕದೇ ಆಗಿರಬೇಕು. ಲಂಡನ್ನಿನ ಪ್ರಸಿದ್ಧ ವಿಗ್‌ಮೋರ್ ಹಾಲ್‌ನಲ್ಲಿ ಸುಮಾರು 550 ಸೀಟು. ಎಲ್ಲ ಟಿಕೆಟ್ ಮಾರಾಟವಾದರೂ ಆ ಹಣಕ್ಕೆ ಒಂದು ಮಿತಿಯಿದೆ. ಕಛೇರಿಯ ಶುಲ್ಕದಲ್ಲಿ ಏಜೆಂಟಿನ ಪಾಲು, ಪ್ರಯಾಣ, ಹೋಟೆಲ್ ಕಳೆದು ಉಳಿದದ್ದು ನಾಲ್ಕು ಭಾಗವಾಗಬೇಕು. ವಿಮಾನದಲ್ಲಿ ಚೆಲೊಗೆ ಒಂದು ಸೀಟು ಬೇಕು, ಅಂದರೆ ನಾಲ್ವರಿಗೆ ಐದು ಟಿಕೆಟ್. ಎರಡನೇ ಚೆಲೊ ಅತಿಥಿಯಾಗಿ ಬಂದರೆ ಐವರಿಗೆ ಏಳು. ಪಿಯಾನೊ ವಾದಕರನ್ನು ಕರೆದರೆ ವಾದ್ಯ ಸಭಾಂಗಣದ್ದೇ ಇರುತ್ತದೆ, ಶುಲ್ಕ ಮಾತ್ರ ದೊಡ್ಡದು.

ಅತಿಥಿಯ ಶುಲ್ಕವನ್ನು ಕೆಲವೊಮ್ಮೆ ಸಭಾಂಗಣದವರೇ ಬೇರೆಯಾಗಿ ಕೊಡುತ್ತಾರೆ; ಕೆಲವೊಮ್ಮೆ ತಂಡಕ್ಕೆ ಸಿಗುವ ಮೊತ್ತವೇ ಐದು ಪಾಲಾಗುತ್ತದೆ, ಹಳೆಯ ಸ್ನೇಹವಿದ್ದಾಗ ಹಾಗೆ ನಡೆಯುತ್ತದೆ. ಹೊಸ ಕೃತಿ ಬರೆಸುವುದಾದರೆ ನಾಲ್ಕಾರು ಊರಿನ ಸಭಾಂಗಣಗಳು ಸೇರಿ ಖರ್ಚು ಹಂಚಿಕೊಳ್ಳುತ್ತವೆ. ಪ್ರತಿಯಾಗಿ ತಂತಮ್ಮ ಊರಿನ ಮೊದಲ ಪ್ರದರ್ಶನದ ಹಕ್ಕು ಪಡೆಯುತ್ತವೆ. ಇಷ್ಟಾದರೂ ಸಾಲದು. ಅದಕ್ಕೇ ಕ್ರೋನೋಸ್ ಲಾಭರಹಿತ ಸಂಸ್ಥೆಯಾಗಿ ದೇಣಿಗೆ ಎತ್ತುತ್ತದೆ. ಟಾಕಾಚ್ ಕ್ವಾರ್ಟೆಟ್ ದಶಕಗಳಿಂದ ಬೋಲ್ಡರ್‌ನ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದೆ.

ಇದೆಲ್ಲ ಹದಿನೆಂಟು ತಿಂಗಳು, ಎರಡು ವರ್ಷ ಮೊದಲೇ ಗೊತ್ತಾಗಿರಬೇಕು. ಬೇರೆ ದೇಶದ ಅತಿಥಿಗೆ ಕೆಲಸದ ವೀಸಾ ಬೇಕು. ವಾದ್ಯಕ್ಕೂ ಕಾಗದ ಬೇಕಾಗಬಹುದು: ಹಳೆಯ ಕಮಾನಿನ ತುದಿಯಲ್ಲಿ ಆನೆದಂತ, ಹಿಡಿಯಲ್ಲಿ ಆಮೆಚಿಪ್ಪು, ಚೀನಾದ ಎರ್ಹು ವಾದ್ಯಕ್ಕೆ ಹೆಬ್ಬಾವಿನ ಚರ್ಮ ಇರುವುದುಂಟು; ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಗಡಿ ದಾಟುವಾಗ ಪ್ರಮಾಣಪತ್ರ ತೋರಿಸಬೇಕಾಗುತ್ತದೆ.

ಐವತ್ತು ಯಾರಿಗೆ

ಟಾಕಾಚ್ ಕ್ವಾರ್ಟೆಟ್ 1975ರಲ್ಲಿ ಬುಡಾಪೆಸ್ಟ್‌ನಲ್ಲಿ ಶುರುವಾದಾಗ ಮೊದಲ ಪಿಟೀಲಿನ ಗಾಬೋರ್ ಟಾಕಾಚ್-ನಾಜ್ ಹೆಸರನ್ನೇ ಇಟ್ಟುಕೊಂಡಿತು. ಅವರು ಬಿಟ್ಟು 1993ರಲ್ಲಿ ಎಡ್ವರ್ಡ್ ಡ್ಯೂಸಿನ್‌ಬೆರ್ ಬಂದರು; ಹೆಸರು ಉಳಿಯಿತು. 2025ರಲ್ಲಿ ಐವತ್ತು ತುಂಬಿದಾಗ ಮೂಲ ನಾಲ್ವರಲ್ಲಿ ಇದ್ದದ್ದು ಚೆಲೊ ವಾದಕ ಆಂಡ್ರಾಶ್ ಫೆಯೆರ್ ಒಬ್ಬರೇ. ಕ್ರೋನೋಸ್‌ನಲ್ಲೂ ಮೊದಲ ದಿನದಿಂದ ಇರುವವರು ಹ್ಯಾರಿಂಗ್ಟನ್ ಮಾತ್ರ. ಜಾನ್ ಶೆರ್ಬಾ, ಹ್ಯಾಂಕ್ ಡಟ್ 1970ರ ದಶಕದ ಕೊನೆಗೆ ಬಂದವರು, ಚೆಲೊ ಕುರ್ಚಿಯಲ್ಲಿ ಹಲವರು ಬದಲಾದರು, 2023ರಲ್ಲಿ ಪಾಲ್ ವಿಯಾಂಕೊ ಕೂತರು.

ಹೊಸಬರನ್ನು ಆರಿಸುವ ದಾರಿಯೂ ಐದನೇ ಕುರ್ಚಿಗೆ ಹತ್ತಿರದ್ದೇ. ಅರ್ಜಿ ಕರೆದು ಐದು ನಿಮಿಷ ನುಡಿಸಿ ನೋಡುವುದು ಆರ್ಕೆಸ್ಟ್ರಾದ ಪದ್ಧತಿ. ಕ್ವಾರ್ಟೆಟ್‌ನವರು ಪರಿಚಿತರನ್ನು ಕರೆದು ದಿನಗಟ್ಟಲೆ ಜೊತೆಗೆ ಅಭ್ಯಾಸ ಮಾಡುತ್ತಾರೆ, ಊಟ ಮಾಡುತ್ತಾರೆ, ಒಂದೆರಡು ಊರಿಗೆ ಜೊತೆಗೆ ಹೋಗಿ ಬರುತ್ತಾರೆ. ಸ್ವರ ಚೆನ್ನಾಗಿ ಹಿಡಿಯುವವರು ಬೇಕಾದಷ್ಟು ಸಿಗುತ್ತಾರೆ; ತಪ್ಪೆಂದು ಹೇಳಿದಾಗ ಮುಖ ಕೆಡಿಸಿಕೊಳ್ಳದವರು ಕಡಿಮೆ.

ಐವತ್ತನೇ ಸೀಸನ್ ಮುಗಿದ 2024ರ ಜೂನ್‌ನಲ್ಲಿ ಶೆರ್ಬಾ ಮತ್ತು ಡಟ್ ಇಬ್ಬರೂ ಕ್ರೋನೋಸ್‌ನಿಂದ ನಿವೃತ್ತರಾದರು. ಎರಡನೇ ಪಿಟೀಲಿಗೆ ಗೇಬ್ರಿಯೆಲಾ ಡಿಯಾಸ್, ವಿಯೋಲಾಗೆ ಅಯಾನೆ ಕೊಜಾಸಾ ಬಂದರು. ಹ್ಯಾರಿಂಗ್ಟನ್ ಐವತ್ತೊಂದನೇ ಸೀಸನ್ನನ್ನು ಮೂವರು ಹೊಸಬರೊಂದಿಗೆ ಶುರುಮಾಡಿದರು.